ಕಾಫಿ ಜೊತೆಗಿನ ಮಾತ್ರೆ

ಮಾರ್ಚ್ 3, ಬೆಳಿಗ್ಗೆ

ಮನೆ ಗುಟ್ಟನ್ನು ಹಾಳೆ ಮೇಲೆ ಬರೆಯೋದು ತಪ್ಪು. ಅಜ್ಜಿ ಕ್ಷಮಿಸಲಿ. ಹೇಳಿಕೊಳ್ಳೋಕೆ ಯಾರೂ ಇಲ್ಲ. ಅಮ್ಮ ಆಸ್ಟ್ರಿಯಾದಲ್ಲಿ ಸಂಬಳಕ್ಕೆ ಯಾರದೋ ಅಜ್ಜಿಯನ್ನು ನೋಡಿಕೊಳ್ತಿದ್ದಾಳೆ. ನೀಶ್ ಪಟ್ಟಣದ ಈ ಫ್ಲ್ಯಾಟಲ್ಲಿ ನಾನು, ಅಜ್ಜಿ ಇಬ್ಬರೇ.

ಕಾಫಿಗಿಟ್ಟೆ. ಎಂದಿನಂತೆ ಪಕ್ಕದ ಮನೆ ರಾದೊಯ್ಕಾ ಆಂಟಿ ಹಾಜರ್. ಬ್ಯಾಗಿನಿಂದ ನರ ಶಾಂತವಾಗೋ ಮಾತ್ರೆಯ ಶೀಟ್ ತೆಗೆದರು. ಮಿಠಾಯಿ ಹಂಚಿದ ಹಾಗೆ ಅಜ್ಜಿಗೆ ಚಾಚಿದರು.

"ತಗೋ ದೆಸಾಂಕಾ, ಅರ್ಧ ನಿಂಗೆ, ಅರ್ಧ ನಂಗೆ."

"ಆಂಟಿ, ಡಾಕ್ಟರ್ ಹೇಳಿದಾರಾ?"

"ನೋಡೇ ಇವಳನ್ನ! ಮೊನ್ನೆ ಮೆಡಿಕಲ್ ಸೇರಿದಾಳೆ, ಇವತ್ತು ನಂಗೇ ಪಾಠ!"

ಇಬ್ಬರೂ ನಕ್ಕರು. ಅಜ್ಜಿಯ ನಾಲಿಗೆ ತೊದಲ್ತಿತ್ತು.

ಮಾರ್ಚ್ 5

ಅಜ್ಜಿ ಮತ್ತೆ ಬಾತ್‌ರೂಮಲ್ಲಿ ಬಿದ್ದಳು. ನನ್ನನ್ನ ಅಮ್ಮನ ಹೆಸರಲ್ಲಿ ಕರೆದಳು. ಕ್ಲಿನಿಕ್‌ಗೆ ಕರ್ಕೊಂಡು ಹೋದೆ. ಡಾಕ್ಟರ್ ತಲೆ ಎತ್ತಲಿಲ್ಲ. "ವಯಸ್ಸಾಯ್ತಲ್ಲಮ್ಮ, ಮರೆವು ಶುರುವಾಗಿದೆ." ಏನೇನು ಮಾತ್ರೆ ತಗೋತಾರೆ ಅಂತ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ… ಅಜ್ಜಿ ನನ್ನ ಕೈ ಹಿಂಡ್ತಿದ್ದಳು.

ಮಾರ್ಚ್ 6

ಅಜ್ಜಿಯ ದಿಂಬಿನ ಕವರ್, ಹೊಲಿಗೆ ಡಬ್ಬಿ, ಕೋಟಿನ ಜೇಬು — ಎಲ್ಲ ಕಡೆ ಶೀಟ್. ಎಲ್ಲ ಬಿಚ್ಚಿ ಫ್ಲಶ್ ಮಾಡಿಬಿಟ್ಟೆ. ಆಂಟಿ ಬೆಲ್ ಒತ್ತಿದರು, ಬಾಗಿಲು ತೆಗೀಲಿಲ್ಲ.

"ನಾನೇನು ನಿನ್ನ ತಾತನ ಹಾಗೆ ಕುಡೀತೀನೇನೇ? ಮರ್ಯಾದಸ್ಥೆ ಕಣೇ ನಾನು!" ಅಜ್ಜಿ ರೇಗಿದಳು.

"ಸ್ವಲ್ಪ ತಡ್ಕೋ ಅಜ್ಜಿ."

ಒಳ್ಳೇದೇ ಮಾಡ್ತಿದೀನಿ ಅಂದ್ಕೊಂಡೆ.

ಮಾರ್ಚ್ 10, ಆಸ್ಪತ್ರೆ

ಅಜ್ಜಿಗೆ ಫಿಟ್ಸ್ ಬಂತು. ಅಡುಗೆಮನೆ ನೆಲದ ಮೇಲೆ… ಬರೆಯೋಕಾಗ್ತಿಲ್ಲ.

ವಾರ್ಡ್ ಡಾಕ್ಟರ್ ಕೇಳಿದರು. ಎಲ್ಲ ಹೇಳಿದೆ.

"ವರ್ಷಗಟ್ಟಲೆ ತಗೊಂಡಿದ್ದನ್ನ ಒಂದೇ ಸಲ ನಿಲ್ಲಿಸ್ತಾರೇನಮ್ಮ? ಮರೆವು, ಬೀಳೋದು ಎಲ್ಲ ಮಾತ್ರೆಯಿಂದಲೇ ಇರಬಹುದು. ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ತಿಂಗಳುಗಳೇ ಹಿಡಿಯುತ್ತೆ. ಮನೇಲಿ ಒಬ್ಬರೇ ತಮ್ಮ ಕೈಯಾರೆ ಕೊಡ್ಬೇಕು."

"ಕಾಲೇಜಲ್ಲಿ ನಮಗಿನ್ನೂ ಮೂಳೆಗಳ ಪಾಠವೇ ಮುಗಿದಿಲ್ಲ ಸರ್" ಅಂದೆ. ಯಾಕಂದೆನೋ.

ಮಾರ್ಚ್ 12

ಅಜ್ಜಿ ನನ್ನ ಮುಖ ನೋಡಲ್ಲ. ನಾನು ಕೊಟ್ಟ ಮಾತ್ರೆ ಉಗುಳಿದಳು. "ಆ ಹುಡುಗೀನ ಆಚೆ ಕಳಿಸಿ, ನನ್ನ ಕೊಲ್ತಾಳೆ" ಅಂತ ನರ್ಸ್ ಹತ್ರ ದೂರು. ರಾದೊಯ್ಕಾ ಆಂಟಿ ಬಂದಾಗ ಮಾತ್ರ ನಗು. ಆಂಟಿ ತೊಡೆ ಮೇಲೆ ಬ್ಯಾಗ್. ಜಿಪ್ ತೆರೆದಿತ್ತು.

ನಾಳೆ ಡಿಸ್ಚಾರ್ಜ್. ಅಮ್ಮನಿಗೆ ಮೆಸೇಜ್ — ಮೊದಲು ಇಲ್ಲೇ ಬರೆದು ನೋಡ್ತೀನಿ.

ಅಮ್ಮಾ, ಮಾತ್ರೆ ಕೊಡಲೇಬೇಕಂತೆ. ನನ್ನ ಕೈಯಿಂದ ಅಜ್ಜಿ ನೀರೂ ಕುಡಿಯಲ್ಲ. ನೀನು ಬರ್ತೀಯಾ? ಬೇಗ ಉತ್ತರ ಕೊಡು