ಹದಿಮೂರನೇ ಕಂತಿನ ಬಾಗಿಲು

ಮಂಗಳವಾರ, ೧೪ನೇ ತಾರೀಖು
ಸೆಟ್ಟಿನ ಹಿಂದಿನ ಮೆಟ್ಟಿಲ ಮೇಲೆ ಕೂತು

ಪ್ರೀತಿಯ ಗುಬ್ಬಿ,

ಹೇಗಿದ್ದೀಯೆ? ಹಾಸ್ಟೆಲಿನ ಊಟ ಸೇರುತ್ತಿದೆಯೇ? ನಿನ್ನ ಕಾಗದ ಬಂದು ಏಳು ವಾರವಾಯಿತು, ಬೈದುಕೋ. ಫೋನ್ ಎತ್ತುವುದಿಲ್ಲ ಎಂದು ನೀನು ಹಠ ಹಿಡಿದ ಮೇಲೆ ನಾನು ಪೆನ್ನು ಹಿಡಿಯಲೇಬೇಕಲ್ಲ. ಅಷ್ಟು ದೊಡ್ಡ ಹಾಳೆಯಲ್ಲಿ ನೀನು ಬರೆದದ್ದು ಒಂದೇ ಸಾಲು: "ಅವತ್ತು ಭಾನುವಾರ ನಾನು ಸೂಟ್‌ಕೇಸ್ ಹಿಡ್ಕೊಂಡು ಬಂದಾಗ ನೀನು ಮನೇಲಿದ್ಯಾ, ಇಲ್ವಾ?" ಶೂಟಿಂಗ್ ಇತ್ತು ಎಂದು ಆಗಲೇ ಹೇಳಿದ್ದೆ. ಮತ್ತೆ ಅದನ್ನೇ ಕೇಳಿದರೆ ಏನು ಹೇಳಲಿ? ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಗೋಳು ಕೇಳು.

ನನ್ನ ಕೆಲಸ ಏನೆಂದು ನೆಂಟರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ. ನಿನಗೊಬ್ಬಳಿಗೆ ಗೊತ್ತು. ಇವತ್ತು ಅರ್ಧ ತೆಗೆದ ದೃಶ್ಯವನ್ನು ನಾಳೆ ಮುಂದುವರಿಸುವಾಗ, ಲೋಟದಲ್ಲಿ ನೀರು ಎಷ್ಟಿತ್ತು, ಗಡಿಯಾರ ಯಾವ ಕೈಯಲ್ಲಿತ್ತು ಎಂದು ಪುಸ್ತಕ ನೋಡಿ ಹೇಳುವುದು. ಹನ್ನೆರಡು ವರ್ಷ ಒಂದೂ ತಪ್ಪಿಲ್ಲದೆ ಮಾಡಿದ್ದೇನೆ. ಈಗ ಈ ಆಕಾಶನೌಕೆಯ ಧಾರಾವಾಹಿ ಬಂದು ತಲೆ ಚಿಟ್ಟು ಹಿಡಿಸಿದೆ.

ಹದಿಮೂರನೇ ಕಂತು. ನೌಕೆಯ ಹೊರಗೆ ರಿಪೇರಿಗೆ ಹೋದ ಇಂಜಿನಿಯರಮ್ಮನ ಬಟ್ಟೆಗೆ ಎಂಥದೋ ವಿಷದ ಧೂಳು ಮೆತ್ತಿದೆ. ಅವಳ ಸಿಲಿಂಡರಿನಲ್ಲಿ ಇನ್ನು ನಾಲ್ಕು ನಿಮಿಷದ ಗಾಳಿ. ಬಾಗಿಲ ಒಳಗೆ ಡಾಕ್ಟರಮ್ಮ ಒಬ್ಬಳೇ. ತೆಗೆದರೆ ನೌಕೆಯಲ್ಲಿರುವ ಆರು ಜನಕ್ಕೂ ಅಪಾಯ, ತೆಗೆಯದಿದ್ದರೆ ಹೊರಗಿನವಳು ಹೋದಳು. ಅವಳು ಬಡಿಯುತ್ತಾಳೆ, ಇವಳು ನಿಂತೇ ಇರುತ್ತಾಳೆ. ಕಂತು ಅಲ್ಲಿಗೆ ಮುಗಿದು, ನೋಡುವವರು ಒಂದು ವಾರ ಉಗುರು ಕಚ್ಚುತ್ತ ಕೂರಬೇಕು.

"ಸಾರ್, ಹೊರಗೆ ಗಾಳೀನೇ ಇಲ್ವಲ್ಲ, ಬಡಿದ್ರೆ ಒಳಗೆ ಕೇಳುತ್ತಾ?" ಎಂದೆ. ನಮ್ಮ ನಿರ್ದೇಶಕರಿಗೆ ಹಿಂದಿನಿಂದ ನಾವಿಟ್ಟ ಹೆಸರು 'ಇನ್ನೊಂದ್ಸಲ'. ಬಾಯಿ ತೆರೆದರೆ ಬರುವುದು ಅದೊಂದೇ. "ನೋಡೋರಿಗೆ ಕೇಳ್ಬೇಕಮ್ಮ, ಅಷ್ಟೇ. ಇನ್ನೊಂದ್ಸಲ!" ಎಂದರು. ಬಾಗಿಲೋ, ಬೆಳ್ಳಿ ಬಣ್ಣ ಬಳಿದ ಪ್ಲೈವುಡ್ಡು. ಬಡಗಿ ಪಕ್ಕದಲ್ಲೇ ನಿಂತು, "ಮೆತ್ತಗೆ ಬಡೀರಿ ಮೇಡಂ, ಬಣ್ಣ ಇನ್ನೂ ಒಣಗಿಲ್ಲ" ಎಂದು ಗೋಗರೆಯುತ್ತಿದ್ದ. ಹೆಲ್ಮೆಟ್ಟಿನ ಗಾಜು ಮಂಜಾಗಿ ಆ ನಟಿ ಒಂದು ಸಲ ಬಾಗಿಲು ಬಿಟ್ಟು ಗೋಡೆ ಬಡಿದಳು. ಒಂಬತ್ತನೇ ಸಲಕ್ಕೆ ಪಾಪ, ನಿಜವಾಗಿಯೇ ಅಳು ಬಂತು. "ತೆಗಿಯೇ, ನಾನು ಕಣೇ" ಎಂದುಬಿಟ್ಟಳು. ಬರೆದುಕೊಟ್ಟದ್ದರಲ್ಲಿ ಆ ಮಾತೇ ಇರಲಿಲ್ಲ. ನಮ್ಮ 'ಇನ್ನೊಂದ್ಸಲ' ಸಾಹೇಬರು ಮಾತ್ರ ಕಣ್ಣೊರೆಸಿಕೊಂಡು "ಓಕೆ" ಎಂದರು.

ಮಾರನೆಯ ದಿನ ಡಾಕ್ಟರಮ್ಮನನ್ನು ಹತ್ತಿರದಿಂದ ತೆಗೆಯುವುದಿತ್ತು. "ನಿನ್ನೆ ಓಕೆ ಆದದ್ರಲ್ಲಿ ಇವ್ರ ಕೈ ಎಲ್ಲಿತ್ತು?" ಎಂದು ಕೇಳಿದರು. ಪುಸ್ತಕ ತೆರೆದೆ. ಒಂಬತ್ತನೇ ಸಲದ ಮುಂದೆ ಖಾಲಿ. ಫೋಟೋ ಕೂಡ ತೆಗೆದಿರಲಿಲ್ಲ. ಗುಬ್ಬಿ, ಅವಳು ಅಳುತ್ತ ಬಡಿಯುತ್ತಿದ್ದ ಹೊತ್ತಿನಲ್ಲಿ ನಾನು ನೆಲ ನೋಡುತ್ತ ನಿಂತಿದ್ದೆ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕೆಳಗೇ ಇತ್ತು ಸಾರ್" ಎಂದೆ. ಹಾಗೆಯೇ ತೆಗೆದರು.

ಸೆಟ್ಟು ಬಿಚ್ಚಿ ಹಾಕಿದ ಮೇಲೆ ಎಡಿಟಿಂಗ್ ಕೋಣೆಯಿಂದ ಕೂಗು ಬಂತು. ಕೈ ಚಿಲಕದ ಮೇಲಿತ್ತಂತೆ! ಕಥೆ ಬರೆದವರು ಅದಕ್ಕೆ ಲಾಕಿಂಗ್ ಲಿವರ್ ಎನ್ನುತ್ತಾರೆ, ನಮಗೆಲ್ಲ ಅದು ಚಿಲಕವೇ. "ಕೆಳಗಿತ್ತು ಅಂದ್ರಲ್ಲಮ್ಮ! ಇವಳು ತೆಗೀಬೇಕು ಅಂತಿದ್ಳೋ, ಬೇಡ ಅಂತಿದ್ಳೋ? ಇಡೀ ಕಂತು ಆ ಕೈ ಮೇಲೆ ನಿಂತಿದೆ!" ಎಂದು ನಿರ್ದೇಶಕರು ಎಲ್ಲರ ಮುಂದೆ ಕೂಗಾಡಿದರು. ಬಡಗಿ ನನ್ನ ಮುಖ ನೋಡದೆ ಬಾಗಿಲಿಗೆ ಮತ್ತೆ ಮೊಳೆ ಹೊಡೆಯುತ್ತಿದ್ದಾನೆ. ನಾಳೆ ಪುನಃ ತೆಗೆಯುವುದು. ಆಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ, ಮನೆಗೆ ಕಳಿಸುತ್ತಾರೋ ಗೊತ್ತಿಲ್ಲ.

ನನ್ನ ಪುರಾಣ ಸಾಕು. ಹೊತ್ತಿಗೆ ಸರಿಯಾಗಿ ಉಣ್ಣು, ಚಳಿಯಲ್ಲಿ ಒದ್ದೆ ತಲೆಯಲ್ಲಿ ತಿರುಗಬೇಡ. ನಿನ್ನದೇ ಒಂದು ಕೋಣೆ, ಬೆಳಕಿರುವ ಕಿಟಕಿ, ನಿನ್ನ ಪಾಡಿಗೆ ನಿನ್ನನ್ನು ಬಿಡುವ ಜನ, ಎಲ್ಲ ಬೇಗ ಸಿಗಲಿ.

ನಿನ್ನ
ಅಕ್ಕ

ತಾ.ಕ.: ಆ ಭಾನುವಾರ ಶೂಟಿಂಗ್ ಇರಲಿಲ್ಲ. "ಆ ಮನುಷ್ಯ ಬೇಡ ಅಂತ ಬಡ್ಕೊಂಡೆ, ಕೇಳಿದ್ಯಾ?" ಎಂದು ನಿನಗೆ ಹೇಳಲು, ನಿನ್ನ ಮದುವೆಯಾದಾಗಿನಿಂದ ನಾನು ಮೂರು ವರ್ಷ ಕಾದಿದ್ದೆ. ಕಿಟಕಿಯಿಂದ ಸೂಟ್‌ಕೇಸ್ ನೋಡಿದ ಕೂಡಲೇ, ಸ್ವಲ್ಪ ಹೊತ್ತು ನಿಂತಿರಲಿ, ಬುದ್ಧಿ ಬರಲಿ ಎನ್ನಿಸಿತು. ನೀನು ಹನ್ನೊಂದು ಸಲ ಬಡಿದೆ. "ಅಕ್ಕಾ, ತೆಗಿಯೇ, ನಾನು ಕಣೇ" ಎಂದೆ. ಆಮೇಲೆ ಸೂಟ್‌ಕೇಸಿನ ಚಕ್ರ ಒಂದೊಂದೇ ಮೆಟ್ಟಿಲು ಇಳಿದದ್ದು ಕೇಳಿಸಿತು. ನನ್ನ ಕೈ ಚಿಲಕದ ಮೇಲೇ ಇತ್ತು ಗುಬ್ಬಿ. ಎಲ್ಲಿ ತೆಗೆದುಬಿಡುತ್ತೇನೋ ಎಂದು ಅದನ್ನು ಒತ್ತಿ ಹಿಡಿದುಕೊಂಡಿದ್ದೆ.