ಷೇರಿನಲ್ಲಿ ಕೊಟ್ಟ ಬೆಲೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಎದುರು ಕೂತು ಹೇಳುವ ಧೈರ್ಯವಿಲ್ಲದೆ ಕಾಗದ ಹಿಡಿದಿದ್ದೇನೆ. ಪೂರ್ತಿ ಓದು, ಆಮೇಲೆ ಬೈಯಿ. ಗುರುವಾರ ಬೆಳಿಗ್ಗೆ ನಿನ್ನ ಕೃತಕ ಕಾಲಿನ ಕಾರ್ಖಾನೆಯನ್ನು ನಮ್ಮ ಕಂಪನಿಗೆ ಬರೆದುಕೊಡಲು ಬರುತ್ತೀಯಲ್ಲ, ಸಹಿ ಹಾಕಬೇಡ.

ಹಣದ ಬದಲು ಕಂಪನಿಯ ಷೇರು ತೆಗೆದುಕೋ ಎಂದು ನಿನ್ನನ್ನು ಒಪ್ಪಿಸಿದವನು ನಾನು. ಮಾರಿದ ಮೇಲೂ ನೀನು ಪಾಲುಗಾರಳಾಗಿಯೇ ಇರುತ್ತೀಯ, ಕಂಪನಿ ಬೆಳೆದಂತೆ ನಿನ್ನ ಪಾಲೂ ಬೆಳೆಯುತ್ತದೆ ಎಂದೆ. ಅದು ಸುಳ್ಳಲ್ಲ, ಎಷ್ಟೋ ಕಡೆ ಹಾಗೆ ಆಗಿದೆ. ಆದರೆ ನಾನು ಹೇಳಿದ್ದು ಅರ್ಧ ಮಾತ್ರ.

ಉಳಿದರ್ಧ ಕೇಳು. ಮೂರು ತಿಂಗಳ ಹಿಂದೆ ಸಭೆಯಲ್ಲಿ ನಮ್ಮ ದೊಡ್ಡ ಸಾಹೇಬರು, ಷೇರು ಈಗ ಯೋಗ್ಯತೆಗಿಂತ ಮೇಲೆ ಕೂತಿದೆ, ಏನಾದ್ರೂ ಕೊಳ್ಳೋದಿದ್ರೆ ಇದರಲ್ಲೇ ಕೊಂಡ್ಬಿಡೋಣ, ನಗದು ಮುಟ್ಟೋದು ಬೇಡ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾವ ಕಾರ್ಖಾನೆ ಸಿಗಬಹುದು ಎಂದಾಗ ನಿನ್ನದನ್ನು ತೋರಿಸಿದವನೂ ನಾನೇ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರಿದ್ದಾರೆ. ನಾನು ಒಡಹುಟ್ಟಿದವಳನ್ನೇ ತಳ್ಳಲು ಹೊರಟೆ.

ನಿನಗೆಷ್ಟು ಷೇರು ಎಂಬುದನ್ನು ಈಗಿನ ಬೆಲೆ ಹಿಡಿದು ಗಟ್ಟಿ ಮಾಡಿದ್ದಾರೆ. ನಾಳೆ ಬೆಲೆ ಇಳಿದರೆ ಅದಕ್ಕೆ ಒಂದು ಷೇರೂ ಹೆಚ್ಚಿಗೆ ಬರುವುದಿಲ್ಲ. ಒಂದು ವರ್ಷ ಅದನ್ನು ಮಾರುವಂತೆಯೂ ಇಲ್ಲ. ಕರಾರಿನ ಒಂಬತ್ತನೇ ಪುಟದ ಆ ಸಾಲನ್ನು ಬೇಕೆಂದೇ ಗಡಿಬಿಡಿಯಲ್ಲಿ ನಿನಗೆ ಓದಿ ಹೇಳಿದೆ. ಇಷ್ಟರಲ್ಲಿ ನಮ್ಮ ಅತಿ ದೊಡ್ಡ ಗಿರಾಕಿಯೇ ಕೈಬಿಟ್ಟಿದ್ದಾರೆ. ಮುಂದಿನ ತಿಂಗಳು ಸುದ್ದಿ ಹೊರಬಿದ್ದರೆ ಷೇರು ನೆಲ ಕಚ್ಚುತ್ತದೆ. ಇದನ್ನು ಹೊರಗೆ ಹೇಳಬಾರದೆಂಬ ನಿಯಮವಿದೆ. ಆ ನಿಯಮದ ಹಿಂದೆ ಇಷ್ಟು ದಿನ ಹಾಯಾಗಿ ಅಡಗಿದ್ದೆ.

ಹೋದ ವಾರ ನಾನು ಕಾರ್ಖಾನೆಗೆ ಬಂದಾಗ, ಹೊಸ ಕಾಲು ಹಾಕಿಕೊಂಡ ಹೆಂಗಸೊಬ್ಬರನ್ನು ನೀನು ಆ ಗೋಡೆಯಿಂದ ಈ ಗೋಡೆಗೆ ನಡೆಸುತ್ತಿದ್ದೆ. ನೋವಾದ್ರೆ ಸಂಕೋಚಕ್ಕೆ ಸುಮ್ನಿರಬೇಡಿ, ಈಗ್ಲೇ ಹೇಳಿ ಅಂತ ಮೂರು ಸಲ ಅಂದೆ. ನೋವಿಲ್ಲ ಎಂದರೂ ಬಿಡದೆ ಕಾಲು ಬಿಚ್ಚಿಸಿ, ಚರ್ಮ ಕೆಂಪಾದ ಜಾಗ ಹುಡುಕಿ, ಕೃತಕ ಕಾಲಿನಲ್ಲಿ ಅಲ್ಲಿಗೆ ಒತ್ತುವ ಭಾಗವನ್ನು ಮತ್ತೆ ಉಜ್ಜಲು ಕೂತೆ. ಅಲ್ಲಿ ನಿಲ್ಲಲಾರದೆ ನಾನು ಹಿಂದಿನ ಕೋಣೆಗೆ ಹೋದೆ.

ಅಲ್ಲಿ ಕಾಲಿಗೆ ಕಟ್ಟುವ ಪಟ್ಟಿ ಹೊಲಿಯುವ ಅಜ್ಜ ನನ್ನನ್ನು ಕೂರಿಸಿಕೊಂಡು, ಅಲ್ಲಪ್ಪಾ, ಈ ಷೇರು ಕೊಟ್ರೆ ಅಂಗಡೀಲಿ ಒಂದು ಸೋಪಾದ್ರೂ ಕೊಡ್ತಾರಾ ಅಂದರು. ಬೆನ್ನು ತಟ್ಟಿ ನಕ್ಕುಬಿಟ್ಟೆ. ಅಕ್ಕಾವ್ರು ನಮ್ಮ ಹನ್ನೊಂದು ಜನಕ್ಕೂ ಅದರಲ್ಲಿ ಪಾಲು ಕೊಡ್ತಾರಂತೆ ಅಂತ ಅವರು ಹೇಳಿದಾಗ ನಗು ನಿಂತಿತು.

ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತೀಯ. ಈ ಖರೀದಿ ಮುಗಿದರೆ ನನಗೆ ಬಡ್ತಿ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವೊಂದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಗುರುವಾರ ನಗದು ಕೇಳು. ಕೊಡದಿದ್ದರೆ ಎದ್ದು ಬಾ. ನಾನು ಪಕ್ಕದಲ್ಲಿ ಕೂತು ಎಷ್ಟೇ ತಲೆಯಾಡಿಸಿದರೂ ನನ್ನ ಕಡೆ ನೋಡಬೇಡ.

ನಿನಗೆ ಮುಖ ತೋರಿಸಲಾರದ ತಮ್ಮ,
ಗುಂಡ

ಶುಕ್ರವಾರ ಸೇರಿಸಿದ್ದು: ಈ ಕಾಗದವನ್ನು ಇವತ್ತು ಅಂಚೆಗೆ ಹಾಕುತ್ತಿದ್ದೇನೆ. ನಿನ್ನೆ ಸಹಿ ಹಾಕುವಾಗ ನಿನ್ನ ಪೆನ್ನು ಬರೆಯದೆ, ನಾನು ಜೇಬಿನಿಂದ ನನ್ನದನ್ನು ತೆಗೆದುಕೊಟ್ಟೆನಲ್ಲ, ಆಗ ಇದು ಅದೇ ಜೇಬಿನಲ್ಲಿತ್ತು.