ನಾಲ್ಕು ಗಂಟೆ ನಿಲ್ಲುವ ಗಾಡಿ

ಅಕ್ಕಾ,

ಕಾಗದ ಎಂದ ಮೇಲೆ ಮೊದಲು ಕ್ಷೇಮ ವಿಚಾರಿಸಬೇಕು. ನಿನ್ನ ಕ್ಷೇಮ ನನಗೆ ರಕ್ತಪರೀಕ್ಷೆಯ ರಿಪೋರ್ಟ್ ಸಮೇತ ಗೊತ್ತು, ನನ್ನದು ನಿನಗೆ ಮುಖ ನೋಡಿದರೇ ತಿಳಿಯುತ್ತದೆ. ಅದನ್ನು ಬಿಡೋಣ. ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುವಂಥದ್ದು ಇವನಿಗೇನು ಬಂತು ಎಂದು ನೀನು ಮೂಗು ಮುರಿಯುತ್ತೀಯ ಎಂದೂ ಗೊತ್ತು. ಎದುರು ಕೂತು ಹೇಳಿದರೆ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸುತ್ತೀಯ, ಜೀವಮಾನವಿಡೀ ಕತ್ತರಿ ಹಿಡಿದ ಕೈ ನಿನ್ನದು. ಕಾಗದವನ್ನು ಹರಿದು ಎಸೆಯುವುದಾದರೂ ಏನು ಬರೆದಿದ್ದಾನೆ ಎಂದು ಓದಿಯೇ ಎಸೆಯುವವಳು ನೀನು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನನ್ನವಳು ಸಂಜೆ ತಂದು ಕೊಡುತ್ತಾಳೆ.

ಈಗ ನಾನು ಒಂದು ಫರ್ನಿಚರ್ ಅಂಗಡಿಯ ಎದುರು ಗಾಡಿಯೊಳಗೆ ಕೂತಿದ್ದೇನೆ. ಯಾರ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವ ಇವತ್ತಿನ ಸರ್ವೆ ಇಲ್ಲಿ. ಕರೆಂಟ್ ಕಾರಿಗೆ ಚಾರ್ಜರ್ ಹಾಕಿಸಬೇಕು ಎನ್ನುವವರಿಗೆ ಯಾವ ಜಾಗಕ್ಕೆ ಎಂಥದ್ದು ಸರಿಹೋಗುತ್ತದೆ ಎಂದು ಹೇಳುವುದಕ್ಕೆ ದಿನವಿಡೀ ಹೀಗೆ ಸುಮ್ಮನೆ ಕೂರಬೇಕೇನೋ ಎಂದು ನೀನು ಎಷ್ಟೋ ಸಲ ನಕ್ಕಿದ್ದೀಯ. ಆದರೆ ಇದನ್ನು ಕಲಿಸಿದವಳು ನೀನೇ. "ಗಿರಾಕಿ ಬಾಯಲ್ಲಿ ಹೇಳಿದ ಅಳತೆ ನಂಬಬೇಡ. ಎಲ್ಲರೂ ತಾವು ಸಣ್ಣಗಿದ್ದೀವಿ ಅಂತಾನೇ ತಿಳ್ಕೊಂಡಿರ್ತಾರೆ. ಟೇಪು ನೀನೇ ಹಿಡಿ" ಎಂದು ನಿನ್ನ ಹೊಲಿಗೆ ಅಂಗಡಿಯಲ್ಲಿ ಹೇಳುತ್ತಿದ್ದೆಯಲ್ಲ. ಚಾರ್ಜರ್ ಹಾಕಿಸುವ ಯಜಮಾನರೂ ಹಾಗೇ. ಈ ಫರ್ನಿಚರ್ ಅಂಗಡಿಯವನು ಬೆಳಿಗ್ಗೆ ನನಗೆ ಹೇಳಿದ್ದು, "ನಮ್ಮಲ್ಲಿ ಯಾರೂ ಹತ್ತು ನಿಮಿಷ ನಿಲ್ಲಲ್ಲ ಸರ್, ಎಲ್ಲಕ್ಕಿಂತ ಸ್ಪೀಡಿನದೇ ಹಾಕ್ಬಿಡಿ." ಸೋಫಾದ ಬಣ್ಣಕ್ಕೆ ಜಗಳವಾಡುತ್ತಾ ಒಳಗೆ ಹೋದ ಗಂಡಹೆಂಡತಿ ಇನ್ನೂ ಹೊರಗೆ ಬಂದಿಲ್ಲ. ಅವರ ಕಾರಿನ ನೆರಳು ಎಡದಿಂದ ಬಲಕ್ಕೆ ತಿರುಗಿತು. ಒಟ್ಟಿನಲ್ಲಿ ನನಗೆ ಬರೆಯಲು ಬೇಕಾದಷ್ಟು ಹೊತ್ತಿದೆ.

ಗುರುವಾರದ ಮಾತಿಗೆ ಬರುತ್ತೇನೆ. ಡಯಾಲಿಸಿಸ್ ಮುಗಿಸಿಕೊಂಡು ವಾಪಸು ಬರುವಾಗ ನೀನು ಅರ್ಧ ದಾರಿಯವರೆಗೂ ಕಣ್ಣು ಮುಚ್ಚಿಕೊಂಡಿದ್ದೆ. ನಿದ್ದೆ ಹತ್ತಿದೆ ಎಂದುಕೊಂಡೆ. ನೀನು ಕಣ್ಣು ತೆರೆಯದೆಯೇ ಕಡ್ಡಿ ಮುರಿದ ಹಾಗೆ ಹೇಳಿದೆ, "ಸೋಮವಾರ ಗಾಡಿ ತರಬೇಡ. ನನಗೆ ಸಾಕಾಗಿದೆ ಕಣೋ. ಇನ್ನು ಹೋಗೋದಿಲ್ಲ." ನಿನ್ನನ್ನು ಮನೆ ಬಾಗಿಲಲ್ಲಿ ಇಳಿಸಿ, ನೀನು ಚಿಲಕ ಹಾಕಿಕೊಂಡದ್ದು ಕೇಳಿಸಿದ ಮೇಲೆ ಹೊರಟೆ. ನಿಲ್ಲಿಸಿದರೆ ಏನಾಗುತ್ತದೆ ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. ವಾರಗಳ ಮಾತು ಎಂದಿದ್ದರು. ನಿನಗೂ ನೆನಪಿದೆ, ನನಗೂ ನೆನಪಿದೆ.

ಶುರುವಿನ ದಿನಗಳಲ್ಲಿ ನಾವು ಅಲ್ಲಿ ಎಷ್ಟು ನಗುತ್ತಿದ್ದೆವು ನೋಡು. ತೋಳಿಗೆ ಎರಡು ಸೂಜಿ, ಪಕ್ಕದಲ್ಲಿ ರಕ್ತ ತೊಳೆಯುವ ಯಂತ್ರದ ಗುರುಗುರು, ನೀನು ಹಾಸಿಗೆಯ ಮೇಲೆ, ನಾನು ಅದೇ ಕಾಲು ಅಲ್ಲಾಡುವ ಕುರ್ಚಿಯ ಮೇಲೆ. ಹೊತ್ತು ಹೋಗಲಿ ಎಂದು ಒಂದು ಆಟ ಕಟ್ಟಿದ್ದೆವು. ನಾನು ಜಾಗದ ಹೆಸರು ಹೇಳಬೇಕು, ಅಲ್ಲಿಗೆ ಎಂಥ ಚಾರ್ಜರ್ ಎಂದು ನೀನು ಹೇಳಬೇಕು. ಹೆದ್ದಾರಿ ಬದಿಯ ಕ್ಯಾಂಟೀನ್? "ಟೀ ಕುಡಿದು ಓಡೋರು, ಜೋರಿಂದು ಹಾಕು." ಅಪಾರ್ಟ್‌ಮೆಂಟು? "ರಾತ್ರಿ ಎಲ್ಲ ಗಾಡಿ ಮಲಗಿರುತ್ತೆ, ನಿಧಾನದ್ದು ಸಾಕು." ಸಿನಿಮಾ ಟಾಕೀಸು, ಜಿಮ್ಮು, ಹಲ್ಲಿನ ಡಾಕ್ಟರ ಕಟ್ಟಡ, ಈಜುಕೊಳ? "ನಡುವಿಂದು, ನಡುವಿಂದು, ನಡುವಿಂದು." ಬ್ಯೂಟಿ ಪಾರ್ಲರಿಗೆ ಮಾತ್ರ ನೀನು ತುಂಬ ಯೋಚನೆ ಮಾಡಿದೆ. "ಒಳಗೆ ಹೋದವಳು ಅರ್ಧ ಗಂಟೆ ಅಂತ ಹೇಳಿ ಹೋಗಿರ್ತಾಳೆ. ಕಾರಲ್ಲಿ ಕೂತಿರೋ ಗಂಡನ್ನ ಕೇಳು, ಸರಿಯಾದ ಅಳತೆ ಅವನ ಹತ್ರ ಇರುತ್ತೆ" ಎಂದೆ. ಪಕ್ಕದ ಹಾಸಿಗೆಯ ಅಜ್ಜ ನಕ್ಕು ನಕ್ಕು ಅವರ ಯಂತ್ರ ಪೀಂ ಎಂದು ಕೂಗಿಕೊಂಡಿತು. ಸಿಸ್ಟರ್ ಬಂದು ನಮ್ಮಿಬ್ಬರನ್ನೂ ಸ್ಕೂಲು ಮಕ್ಕಳ ಹಾಗೆ ಗದರಿಸಿದರು.

ಈ ನಡುವಿನದನ್ನು ಯಾರೂ ಕೇಳುವುದೇ ಇಲ್ಲ, ದೊಡ್ಡದು ಕೊಡಿ, ಇಲ್ಲವೇ ಅಗ್ಗದ್ದು ಕೊಡಿ ಅನ್ನುತ್ತಾರೆ ಎಂದು ನಾನು ಗೊಣಗಿದಾಗ ನೀನು ಹೇಳಿದ್ದು ನೆನಪಿದೆ. "ಅಂಗಡಿ ನಡೆಸೋದು ಮಧ್ಯದ ಸೈಜು ಕಣೋ. ದೊಡ್ಡದನ್ನ ಗಾಜಿನ ಹಿಂದೆ ಬೊಂಬೆಗೆ ತೊಡಿಸಿ ನಿಲ್ಲಿಸ್ತಾರೆ ಅಷ್ಟೆ." ಇದನ್ನು ನಮ್ಮ ಕಂಪನಿಯ ಮೀಟಿಂಗಿನಲ್ಲಿ ನನ್ನದೇ ಮಾತು ಎಂಬಂತೆ ಹೇಳಿ ಶಹಭಾಸ್ ಅನ್ನಿಸಿಕೊಂಡಿದ್ದೇನೆ.

ನಮ್ಮ ಆಟದಲ್ಲಿ ಆಸ್ಪತ್ರೆ ಮಾತ್ರ ಬರಲೇ ಇಲ್ಲ. ನಾವು ಕೂತಿದ್ದ ಜಾಗವೇ ನಮ್ಮ ಕಣ್ಣಿಗೆ ಬೀಳಲಿಲ್ಲ. ಆಸ್ಪತ್ರೆಯವರಂತೂ ಆಸ್ಪತ್ರೆ ಎಂದರೆ ಅವಸರ ಎಂದು ತೀರ್ಮಾನಿಸಿ, ಮುಂದಿನ ಗೇಟಿನ ಪಕ್ಕ ಆಳೆತ್ತರದ ಫಾಸ್ಟ್ ಚಾರ್ಜರ್ ಒಂದನ್ನು ನಿಲ್ಲಿಸಿ, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು. ಅವಸರ ಇರುವುದು ಆಂಬುಲೆನ್ಸಿಗೆ. ಉಳಿದವರೆಲ್ಲ ಅಲ್ಲಿ ಕಾಯುವವರು. ನೆಲಮಾಳಿಗೆಯಲ್ಲಿ ಇರುವುದು ಮನೆಯಲ್ಲಿರುವಂಥ ಮಾಮೂಲಿ ಪ್ಲಗ್ಗು. ನಿನ್ನ ನಾಲ್ಕು ಗಂಟೆ ಪೂರ್ತಿ ಹಾಕಿಟ್ಟರೂ ನಮ್ಮನ್ನು ಊರು ಮುಟ್ಟಿಸುವಷ್ಟು ತುಂಬುವುದಿಲ್ಲ. ಕಂಪನಿ ನನಗೆ ಕೊಟ್ಟ ಈ ಮುದಿ ಗಾಡಿಯ ಬ್ಯಾಟರಿಯಲ್ಲಿ ಹೋಗುವಷ್ಟಿದೆ, ಬರುವಷ್ಟಿಲ್ಲ. ಹಾಗಾಗಿ ಗೇಟಿನ ಹತ್ತಿರದ ಆ ಯಂತ್ರವೇ ಗತಿ.

ಅದರ ಕಥೆ ನಿನಗೆ ಹೇಳಬೇಕಾಗಿಲ್ಲ. ಗಾಡಿ ಸಿಕ್ಕಿಸಿ, ಹಿಂದಿನ ಬ್ಲಾಕಿಗೆ ನಡೆದು, ಲಿಫ್ಟಿಗೆ ಕಾದು ನಾನು ನಿನ್ನ ಪಕ್ಕ ಕೂರುವಷ್ಟರಲ್ಲಿ ವಾಚ್‌ಮನ್ ಫೋನು. "ಸಾರ್, ನಿಮ್ಮದು ತುಂಬ್ತು, ಹಿಂದೆ ಮೂರು ಗಾಡಿ ನಿಂತಿವೆ, ತೆಗೀರಿ." ಮತ್ತೆ ಲಿಫ್ಟು, ಮತ್ತೆ ಗೇಟು. ಆಮೇಲೆ ಬೇರೆ ಜಾಗ ಹುಡುಕಿ ಗಾಡಿ ನಿಲ್ಲಿಸುವ ಹೊತ್ತಿಗೆ ನಿನ್ನ ಬಿ.ಪಿ. ಇಳಿದು, ಮೀನಖಂಡ ಕಲ್ಲಿನಂತೆ ಸೆಟೆದುಕೊಂಡಿರುತ್ತಿತ್ತು. ನಾನು ಏದುಸಿರು ಬಿಡುತ್ತಾ ಬಂದಾಗ ಎಲ್ಲ ಮುಗಿದು ನಿನ್ನ ಹಣೆ ಒದ್ದೆಯಾಗಿರುತ್ತಿತ್ತು. "ಬಂದ್ಯಾ ಗಡಿಬಿಡಿ?" ಎಂದು ನೀನು ಕೇಳುತ್ತಿದ್ದೆ. ಚಿಕ್ಕಂದಿನಲ್ಲಿ ನೀನಿಟ್ಟ ಹೆಸರು ಆ ಹೊತ್ತಿನಲ್ಲಿ ನನಗೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಬರುಬರುತ್ತಾ ಆಟವೂ ನಿಂತಿತು. ಫೋನು ಯಾವಾಗ ಕೂಗುತ್ತದೋ ಎಂದು ನಾವಿಬ್ಬರೂ ಅದನ್ನೇ ನೋಡುತ್ತಾ ಕೂರುತ್ತಿದ್ದೆವು.

ಶುಕ್ರವಾರ ನಾನು ಸಿಸ್ಟರಿಗೆ ಫೋನು ಮಾಡಿದೆ. ನೀನು ಹೀಗಂದೆ ಎಂದು ಹೇಳಿದಾಗ ಅವರು ಹೇಳಿದರು, "ನಿಮ್ಮ ಅಕ್ಕ ನನ್ನ ಹತ್ರ ಒಂದು ಸಲ ಅಂದಿದ್ರು. ನೋವು ಹೇಗೋ ತಡ್ಕೋತೀನಿ ಸಿಸ್ಟರ್, ನನ್ನ ತಮ್ಮ ಪ್ರತಿ ಸಲ ಎದ್ದು ಓಡೋದನ್ನ ನೋಡೋಕಾಗಲ್ಲ, ಅವನಿಗೂ ವಯಸ್ಸಾಯ್ತು ಅಂತ." ಅಕ್ಕಾ, ನನಗೆ ಕೋಪ ಬಂತು. ನನ್ನ ಮೊಣಕಾಲಿನ ಮೇಲೆ ಕನಿಕರಪಟ್ಟು ನೀನು ಸಾಯಲು ಹೊರಟಿದ್ದೀಯಾ? ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಗುರುವಾರ ನೀನು ಬೇಡ ಎಂದ ದಿನವೇ ಡಯಾಲಿಸಿಸ್ ಬ್ಲಾಕಿನ ಹಿಂದೆ, ನೀನು ಇಳಿಯುವ ರ‍್ಯಾಂಪಿನ ಪಕ್ಕದಲ್ಲೇ, ನಡುವಿನ ಚಾರ್ಜರ್ ಹಾಕಿ ಮುಗಿದಿತ್ತು. ಮೇಲೆ ಹೊದಿಸಿದ ನೀಲಿ ಟಾರ್ಪಾಲು ನೋಡಿ ನೀನು "ಮತ್ತೆ ಏನೋ ಅಗೆದಿದ್ದಾರೆ" ಎಂದು ಬೈದೆಯಲ್ಲ, ಅದೇ. ಸೋಮವಾರ ನಿನ್ನ ಕಣ್ಣೆದುರು ಗಾಡಿ ಸಿಕ್ಕಿಸಿ ತೋರಿಸೋಣ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೆ. ದಾರಿಯಲ್ಲಿ ನೀನು ಆ ಮಾತಾಡಿದಾಗ ನನಗೆ ಹೇಳಲು ಬಾಯೇ ಬರಲಿಲ್ಲ. ಒಂದು ಚಾರ್ಜರ್ ತೋರಿಸಿ ನಿನ್ನ ಜೀವಕ್ಕೆ ಚೌಕಾಸಿ ಮಾಡಿದ ಹಾಗಾಗುತ್ತಿತ್ತು.

ಅದನ್ನು ಹಾಕಿಸಲು ಎಷ್ಟು ತಿಂಗಳು ಅಲೆದೆ ಎಂದು ಹೇಳಿ ನಿನ್ನನ್ನು ಇನ್ನಷ್ಟು ದಣಿಸುವುದಿಲ್ಲ. ಆಸ್ಪತ್ರೆಯ ಎಂಜಿನಿಯರ್ ಒಪ್ಪಿರಲಿಲ್ಲ. ಒಳ್ಳೆಯ ಮನುಷ್ಯ. ಅವರ ಹೆದರಿಕೆಯೂ ಸುಳ್ಳಲ್ಲ. ಆ ಬ್ಲಾಕಿನ ಕರೆಂಟಿನ ಮೇಲೆ ನಿಮ್ಮೆಲ್ಲರ ಯಂತ್ರಗಳು ನಡೆಯುತ್ತವೆ, ಅಲ್ಲಿ ಹೊಸ ಭಾರ ಹಾಕುವವನು ಹತ್ತು ಸಲ ಯೋಚಿಸಬೇಕು. ನಾನು ವಾದ ಮಾಡಲಿಲ್ಲ, ಶಕ್ತಿಯೂ ಇರಲಿಲ್ಲ. "ಒಂದು ಮಧ್ಯಾಹ್ನ ನನ್ನ ಜೊತೆ ಹಿಂದಿನ ಅಂಗಳದಲ್ಲಿ ಕೂತ್ಕೊಳ್ಳಿ ಸಾರ್, ಅಷ್ಟೇ" ಎಂದೆ. ಬಂದು ನನ್ನ ಗಾಡಿಯಲ್ಲಿ ಕೂತರು. ಸೀಟು ಹಿಂದಕ್ಕೆ ಮಡಚಿ ನಿದ್ದೆ ಹೋದ ಗಂಡಂದಿರು, ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡ ಸೊಸೆಯರು, ಗೇಟಿನಿಂದ ಫೋನು ಬಂದು ಚಪ್ಪಲಿ ಬಿಟ್ಟು ಓಡಿದ ಒಬ್ಬ ಮೇಷ್ಟ್ರು. ಎಲ್ಲ ನೋಡಿದರು. ಮಧ್ಯಾಹ್ನದ ಪಾಳಿ ಮುಗಿಯುವವರೆಗೂ ಅಂಗಳದ ಒಂದು ಗಾಡಿಯೂ ಊರ ಕಡೆ ಹೊರಡಲಿಲ್ಲ. ಆಮೇಲೆ ಅವರೇ ದಾರಿ ಹುಡುಕಿದರು. ಒಂದು ಯಂತ್ರಕ್ಕೆ ಎರಡು ಗಾಡಿ, ಇದ್ದ ಕರೆಂಟನ್ನು ಅವು ಹಂಚಿಕೊಳ್ಳಬೇಕು. ಒಳಗೆ ಬೇಡಿಕೆ ಏರಿದರೆ ಹೊರಗಿನದು ತಾನೇ ತಗ್ಗಬೇಕು. "ಮೊದಲು ರಕ್ತ, ಆಮೇಲೆ ಗಾಡಿ" ಎಂದರು. ಇಬ್ಬರು ಹಂಚಿಕೊಂಡರೆ ತುಂಬಲು ಹೆಚ್ಚುಕಡಿಮೆ ನಿನ್ನಷ್ಟೇ ಹೊತ್ತು ಬೇಕು. ನೀನು ಸೂಜಿ ತೆಗೆಸಿಕೊಂಡು ಹತ್ತಿ ಒತ್ತಿ ಹಿಡಿಯುವ ಹೊತ್ತಿಗೆ ಗಾಡಿಯೂ ತಯಾರಿರುತ್ತದೆ. ಯಾರೂ ಫೋನು ಮಾಡುವುದಿಲ್ಲ.

ಇದರಿಂದ ನಿನ್ನ ಸೂಜಿ ಸಣ್ಣದಾಗುವುದಿಲ್ಲ, ಅಷ್ಟು ನನಗೂ ಗೊತ್ತು. ಉಪ್ಪಿಲ್ಲದ ಊಟಕ್ಕೆ ಉಪ್ಪು ಬರುವುದಿಲ್ಲ, ಅಳೆದು ಕುಡಿಯುವ ನೀರು ಒಂದು ಗುಟುಕೂ ಹೆಚ್ಚುವುದಿಲ್ಲ, ದಾರಿಯ ದೂರ ಕಡಿಮೆಯಾಗುವುದಿಲ್ಲ. ನೀನು ಸಾಕು ಎಂದರೆ ಅದು ನಿಜವಾಗಿಯೂ ಸಾಕಾಗಿರಬಹುದು. ಅದು ನಿನ್ನ ಮೈ, ಅದರ ಅಳತೆ ತೆಗೆಯಲು ನಾನ್ಯಾರು? ನೋವಿಗೆ ಸಾಕು ಎಂದರೆ ಕೇಳುತ್ತೇನೆ, ಅಳುತ್ತಾ ಕೇಳುತ್ತೇನೆ. ಆದರೆ ನನ್ನ ಓಟಕ್ಕೆ ಹೆದರಿ ಸಾಕು ಎಂದಿದ್ದರೆ, ಅದು ಬಾಯಲ್ಲಿ ಹೇಳಿದ ಅಳತೆ. ಒಂದೇ ಒಂದು ಸಲ ಟೇಪು ಹಿಡಿದು ನೋಡು. ನಾನು ಪೂರ್ತಿ ಹೊತ್ತು ಪಕ್ಕದಲ್ಲಿ ಕೂತಾಗ ಆ ನಾಲ್ಕು ಗಂಟೆ ಹೇಗಿರುತ್ತದೆ ಎಂದು ನಾವಿಬ್ಬರೂ ಇನ್ನೂ ನೋಡಿಲ್ಲ.

ನನಗೆ ನೀನು ಬೇಕು ಅಕ್ಕಾ. ಇದನ್ನು ಎದುರಿಗೆ ಹೇಳಿದ್ದರೆ ನೀನು ಕಣ್ಣು ಒರೆಸಿಕೊಳ್ಳಲು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ, ನಾನು ಪೇಪರು ಓದುವವನ ಹಾಗೆ ನಟಿಸುತ್ತಿದ್ದೆ. ನಾನೂ ದಣಿದಿದ್ದೇನೆ, ಸುಳ್ಳು ಹೇಳುವುದಿಲ್ಲ. ಜನ ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ನೋಡಿ ನೋಡಿ ಕಣ್ಣು ಸೋತಿದೆ. ನಿನ್ನ ಹಾಸಿಗೆಯ ಪಕ್ಕದ ಆ ಕೆಟ್ಟ ಕುರ್ಚಿಯ ಮೇಲೆ ಕೂರುವುದೇ ಈಗ ನನಗೆ ವಿಶ್ರಾಂತಿ. ಅದನ್ನು ಕಿತ್ತುಕೊಳ್ಳಬೇಡ.

ಆ ಗಂಡಹೆಂಡತಿ ಈಗ ಹೊರಗೆ ಬಂದರು. ಕೈಯಲ್ಲಿ ಒಂದು ದಿಂಬು ಮಾತ್ರ ಇದೆ.

ಸೋಮವಾರ ಬೆಳಿಗ್ಗೆ ಎಂದಿನ ಹೊತ್ತಿಗೆ ನಿನ್ನ ಮನೆ ಮುಂದೆ ಗಾಡಿ ತಂದು ನಿಲ್ಲಿಸುತ್ತೇನೆ. ಹಾರ್ನ್ ಹೊಡೆಯುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಬರುವುದಾದರೆ ಶಾಲು ಹೊದ್ದು ಬಾ, ಆ ವಾರ್ಡು ತಣ್ಣಗಿರುತ್ತದೆ. ಬರುವುದಿಲ್ಲ ಎಂದರೆ ಕಿಟಕಿಯಿಂದ ತಲೆ ಆಡಿಸು ಸಾಕು. ಗಾಡಿಯನ್ನು ಅಲ್ಲೇ ಬಿಟ್ಟು ಒಳಗೆ ಬಂದು ನಿನ್ನ ಪಕ್ಕ ಕೂರುತ್ತೇನೆ. ನೀನು ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನಾನು ಎದ್ದು ಹೋಗುವುದಿಲ್ಲ.

ನಿನಗೆ ಹರಸುವಷ್ಟು ದೊಡ್ಡವನಲ್ಲ ನಾನು. ನೀನು ಹರಸಬೇಕೆಂದೂ ಈ ಸಲ ಕೇಳುವುದಿಲ್ಲ, ಬಾಯಿ ತುಂಬ ಒಂದು ಸಲ ಬೈದರೆ ಅದೇ ನನಗೆ ಆಶೀರ್ವಾದ.

ಇಂತಿ,
ನಿನ್ನ ಗಡಿಬಿಡಿ